ಬೆವರುವ ಕವರು

ಫೆಬ್ರವರಿ ೪, ಮಂಗಳವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದಾಯಿತು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಬಾಯಿಂದ ಹೊರಡುವುದು ಒಂದೇ ಒಂದು ಮಾತು: "ಅದಲ್ಲ." ನೀರು ಬೇಕಾ ಎಂದರೆ ಅದಲ್ಲ. ದಿಂಬು ಎತ್ತರಿಸಲಾ ಎಂದರೆ ಅದಲ್ಲ. ಮಗಳು ವಾರವಿದ್ದು ತನ್ನೂರಿಗೆ ಹೊರಡುವಾಗ ಅಪ್ಪನ ಕೆನ್ನೆ ಸವರಿ "ಹೋಗ್ಬರ್ತೀನಿ" ಎಂದಳು, ಅದಕ್ಕೂ ಅದಲ್ಲ. ಮದುವೆಯಾದಂದಿನಿಂದ ಈ ಮನುಷ್ಯ ನನಗೆ ಅತಿ ಹೆಚ್ಚು ಸಲ ಹೇಳಿದ ಮಾತೇ ಅದು. ಕಳ್ಳ ಮನೆಯೆಲ್ಲ ದೋಚಿ ಹಳೇ ಪೊರಕೆ ಬಿಟ್ಟುಹೋದ ಹಾಗೆ ಲಕ್ವ ಇದೊಂದನ್ನು ಬಿಟ್ಟುಹೋಗಿದೆ.

ಮಂಚ ಹಾಕಿಸಿದ್ದು ಇವರ ಗ್ರಾಮಫೋನ್ ರೆಕಾರ್ಡಿನ ಕೋಣೆಯಲ್ಲಿ. ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಬಾಗಿಲಿರುವುದು ಆ ಕೋಣೆಗೊಂದೇ. ಮೇಜಿನ ಮೇಲೆ ಎಲ್ಲ ಇವರು ಬಿದ್ದ ದಿನ ಇದ್ದ ಹಾಗೇ ಇದೆ: ಕತ್ತರಿ, ಅರ್ಧ ಒಡೆದ ಪೊಟ್ಟಣ, ಮೂರು ಬಗೆಯ ಪ್ಲಾಸ್ಟಿಕ್ ಕವರುಗಳ ಮಾದರಿ. ರೆಕಾರ್ಡುಗಳ ರಟ್ಟಿನ ಲಕೋಟೆಗೆ ತೊಡಿಸಿದ್ದ ಹಳೆಯ ಕವರುಗಳು ಹರಿದು ಹಳದಿಯಾಗಿವೆ, ಇಡೀ ಸಂಗ್ರಹಕ್ಕೆ ಹೊಸದು ತೊಡಿಸಬೇಕು ಎಂದು ಚಳಿಗಾಲವಿಡೀ ಅದೇ ಜಪ ಮಾಡುತ್ತಿದ್ದರು. ಮೂರರಲ್ಲಿ ಯಾವುದು ಎಂದು ತೀರ್ಮಾನಿಸುವ ಮೊದಲೇ ಮೇಜಿನ ಪಕ್ಕ ಕುಸಿದರು.

ಈ ಡೈರಿ ನಾನು ಕೆಲಸ ಮಾಡುವ ಹೂವಿನಂಗಡಿಯ ಯಜಮಾನಿ ಹೊಸ ವರ್ಷಕ್ಕೆ ಕೊಟ್ಟದ್ದು. ಖಾಲಿ ಬಿದ್ದಿತ್ತು. ಮನೆಯಲ್ಲಿ ಮಾತಿಗೆ ಮಾತು ಕೊಡುವವರಿಲ್ಲದ ಮೇಲೆ ಇದಕ್ಕಾದರೂ ಹೇಳಿಕೊಳ್ಳೋಣ ಎಂದು ಬರೆಯುತ್ತಿದ್ದೇನೆ.

ಫೆಬ್ರವರಿ ೯, ಭಾನುವಾರ

ಈ ಕೋಣೆಯೊಳಗೆ ನಿಂತು ಕಸ ಗುಡಿಸಿದ್ದು ಇದೇ ಮೊದಲು. ಇಷ್ಟು ವರ್ಷ ಹೊಸ್ತಿಲವರೆಗೆ ಗುಡಿಸಿ ಪೊರಕೆಯನ್ನು ಇವರ ಕೈಗೆ ಕೊಡುತ್ತಿದ್ದೆ.

ನನ್ನ ಅಂಗೈ ಬೆವರುತ್ತದೆ. ಚಳಿಯಿರಲಿ, ಸೆಕೆಯಿರಲಿ, ಹುಟ್ಟಿದಾಗಿನಿಂದ ಹಾಗೆ. ಇವರು ಕನ್ನಡಕದಂಗಡಿ ಇಟ್ಟಿದ್ದವರು, ಗಾಜಿನ ಮೇಲೆ ಬೆರಳಚ್ಚು ಕಂಡರೆ ಊಟ ಸೇರದ ಜಾತಿ. ಮದುವೆಯ ಹೊಸದರಲ್ಲಿ ಆಸೆಪಟ್ಟು ಒಂದು ರೆಕಾರ್ಡು ಎತ್ತಿ ನೋಡಿದೆ. ಕಸಿದುಕೊಂಡರು. ನನ್ನ ಕಣ್ಣೆದುರೇ ಅದನ್ನು ಬಟ್ಟೆಯಿಂದ ಒರೆಸಿದರು, ತುಂಬ ಹೊತ್ತು. ಆವತ್ತಿನಿಂದ ನನ್ನ ಹೆಸರು ಒದ್ದೆಗೈ. ಗೆಳೆಯರು ಹಾಡು ಕೇಳಲು ಬಂದಾಗ "ಒದ್ದೆಗೈ, ನಾಲ್ಕು ಕಾಫಿ" ಎಂದು ಕೂಗುವರು. ಗೆಳೆಯರು ನಗುವರು. ನಾನೂ ನಗುತ್ತಿದ್ದೆ, ಮತ್ತೇನು ಮಾಡುವುದು. ಮಗಳು ಸ್ವಲ್ಪ ದೊಡ್ಡವಳಾದಾಗ ಬಿಳಿ ಹತ್ತಿಯ ಕೈಗವಸು ತಂದುಕೊಟ್ಟು ರೆಕಾರ್ಡು ಹಿಡಿಯುವುದನ್ನು ಕಲಿಸಿದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ.

ಹೂವಿನಂಗಡಿಯಲ್ಲಿ ಮಾತ್ರ ನನ್ನ ಕೈಗೆ ಮರ್ಯಾದೆ. ನಾನು ಕಟ್ಟಿದ ಗುಚ್ಛ ಬೇಗ ಬಾಡುವುದಿಲ್ಲ ಎಂದು ಯಜಮಾನಿ ಗಿರಾಕಿಗಳ ಮುಂದೆ ಹೇಳುತ್ತಿದ್ದಳು. ಈಗ ರಜೆ ಹಾಕಿ ಕೂತಿದ್ದೇನೆ.

ಇವರು ಮಲಗಿದಲ್ಲಿಂದ ಮೇಜಿನ ಮೇಲಿನ ಆ ಮಾದರಿಗಳನ್ನೇ ನೋಡುತ್ತಾರೆ. ಹತ್ತಿರ ಹೋಗಿ "ಕವರಿನ ಕೆಲಸ ನಾನು ಮುಗಿಸಿಕೊಡ್ತೀನಿ ಕಣ್ರೀ, ಚಿಂತೆ ಬಿಡಿ" ಎಂದೆ. ಇವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

ಫೆಬ್ರವರಿ ೧೫, ಶನಿವಾರ

ಕೈಕಾಲು ಆಡಿಸಲು, ಮಾತು ಕಲಿಸಲು ಒಬ್ಬಳು ಬರುತ್ತಾಳೆ. ಥೆರಪಿಯವಳು ಎಂದೇ ಕರೆಯುತ್ತೇನೆ. ಇವರು ಎಲ್ಲಕ್ಕೂ ಬೇಡ ಬೇಡ ಅಂತಾರೆ ಎಂದು ದೂರಿದೆ.

"ಅಯ್ಯೋ, ಬೇಡ ಅಂತಲ್ಲಮ್ಮ ಅದು. ನಾಲಿಗೆಗೆ ಈಗ ಗೊತ್ತಿರೋ ದಾರಿ ಅದೊಂದೇ. ಹೌದು ಅನ್ನೋಕೆ ಹೋದ್ರೂ ಅದಲ್ಲ ಅಂತಾನೇ ಬರುತ್ತೆ. ಬಾಯಿಮಾತು ಬಿಡಿ, ಕಣ್ಣು ನೋಡಿ, ಕೈ ನೋಡಿ."

ಅವಳನ್ನು ಇವರ ಬಳಿ ಕೂರಿಸಿ ಹಳೆಯ ರೆಕಾರ್ಡು ಮಾರುವವನ ಅಂಗಡಿಗೆ ಹೋದೆ. ಅವನಿಗೆ ಇವರಿಟ್ಟ ಹೆಸರು ಭಾಷಣ. ಮಾದರಿ ಕಳಿಸಿದ್ದು ಅವನೇ. ಕೇಳಿದ್ದೇ ತಡ, ಶುರುವಾಯಿತು.

"ಮೂರು ಥರ ಅಮ್ಮ. ಇದು ಮಬ್ಬು. ಮೆತ್ತಗಿರುತ್ತೆ, ಹರಿಯಲ್ಲ, ಆದ್ರೆ ರಟ್ಟಿನ ಮೇಲಿನ ಚಿತ್ರ ಮಂಜಿನಲ್ಲಿ ನೋಡಿದ ಹಾಗೆ. ಇದು ಗರಿಗರಿ. ಕನ್ನಡಿ ಥರ ತಿಳಿ. ಒರಟಾಗಿ ಎಳೆದ್ರೆ ಅಂಚಲ್ಲಿ ಸೀಳುತ್ತೆ, ಅದೊಂದೇ ಕಷ್ಟ. ನಿಮ್ಮ ಯಜಮಾನ್ರಿಗೆ ಇದೇ ಸರಿ. ಇನ್ನು ಇದು, ದಪ್ಪ, ಲಕಲಕ. ನೋಡಿದವರೆಲ್ಲ ಮರುಳಾಗ್ತಾರೆ. ಇದನ್ನ ಮಾತ್ರ ತಗೋಬೇಡಿ."

"ಯಾಕೆ, ಚೆನ್ನಾಗೇ ಇದೆಯಲ್ಲ?"

"ಬೆವರುತ್ತೆ ಅಮ್ಮ. ಪಿವಿಸಿ ಇದು. ಮೆತ್ತಗಾಗಲಿ ಅಂತ ಎಣ್ಣೆ ಥರದ್ದೇನೋ ಬೆರೆಸಿರ್ತಾರೆ, ಸೆಕೆಗೆ ಹೊರಗೆ ಬರುತ್ತೆ. ರಟ್ಟಿನ ಬಣ್ಣಕ್ಕೆ ಅಂಟುತ್ತೆ. ರೆಕಾರ್ಡಿನ ಮೇಲೆ ಬಿಳೀ ಪೊರೆ ಕೂರಿಸುತ್ತೆ. ಒಂದ್ಸಲ ಕೂತ್ರೆ ಮುಗೀತು, ಹೆತ್ತ ತಾಯಿ ತೊಳೆದ್ರೂ ಹೋಗಲ್ಲ."

"ಮತ್ತೆ ಯಾಕೆ ಮಾರ್ತೀರ?"

"ಕೇಳೋರು ಕೇಳ್ತಾರಲ್ಲ!"

ಬೆವರುತ್ತದೆ ಎಂದಾಗ ನನ್ನ ಕೈ ತಾನಾಗಿ ಚೀಲದೊಳಗೆ ಸೇರಿಕೊಂಡಿತು. ಇವರೇ ಆರಿಸಲಿ ಎಂದು ಏನೂ ಕೊಳ್ಳದೆ ಬಂದೆ.

ಫೆಬ್ರವರಿ ೨೧, ಶುಕ್ರವಾರ

ಇವತ್ತು ಆರಿಸುವ ಶಾಸ್ತ್ರ ಮುಗಿಯಿತು. ಮೂರೂ ಕವರುಗಳನ್ನು ಇವರ ಹೊದಿಕೆಯ ಮೇಲೆ ಸಾಲಾಗಿ ಇಟ್ಟೆ. ಮಬ್ಬಿನದಕ್ಕೆ ಅದಲ್ಲ. ಗರಿಗರಿಯದಕ್ಕೂ ಅದಲ್ಲ, ಆದರೆ ಎಡಗೈ ಅದನ್ನು ಎಳೆದು ಎದೆಗೆ ಒತ್ತಿಕೊಂಡಿತು. ಹೊಳೆಯುವುದನ್ನು ಬೆರಳ ತುದಿಯಿಂದ ತಳ್ಳಿ ನೆಲಕ್ಕೆ ಕೆಡವಿದರು. ಥೆರಪಿಯವಳು ಚಪ್ಪಾಳೆ ತಟ್ಟಿದಳು. ನನಗೂ ಖುಷಿಯಾಯಿತು, ಈಗಲೇ ಒಂದಕ್ಕೆ ತೊಡಿಸಿ ತೋರಿಸೋಣ ಎನಿಸಿತು.

ಮಗಳ ಹಳೆಯ ಕೈಗವಸು ಹುಡುಕಿ ತೊಟ್ಟುಕೊಂಡೆ. ಬಿಗಿ. ಇವರ ನಿಯಮ ನನಗೆ ಬಾಯಿಪಾಠ: ರೆಕಾರ್ಡು ರಟ್ಟಿನೊಳಗಿದ್ದರೆ ರಟ್ಟಿನ ಅಂಚು ಒಡೆಯುತ್ತದೆ, ಅದನ್ನು ಕಾಗದದ ಚೀಲದಲ್ಲಿಟ್ಟು ರಟ್ಟಿನ ಬೆನ್ನಿಗೆ ನಿಲ್ಲಿಸಿ, ಎರಡನ್ನೂ ಜೊತೆಯಾಗಿ ಕವರಿಗೆ ಇಳಿಸಬೇಕು, ಕವರಿನ ಬಾಯಿ ಮೇಲಕ್ಕೆ. ಹಾಗೇ ಮಾಡಲು ಹೋದೆ. ಹೆದರಿಕೆಗೆ ಕೈ ಇನ್ನಷ್ಟು ಬೆವರಿತು. ಕೈಗವಸು ತೊಯ್ದು ರಟ್ಟಿನ ಮೇಲೆ ಹೆಬ್ಬೆಟ್ಟಿನಷ್ಟು ಒದ್ದೆ ಕಲೆ ಕೂತಿತು.

ಇವರು ನೋಡಿದರು. ಪಕ್ಕದಲ್ಲಿದ್ದ ಸೂಪಿನ ಬಟ್ಟಲು ಎತ್ತಿ ನನ್ನ ಮೇಲೆ ಬೀಸಿದರು. ಆಮೇಲೆ ರಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು ತಮ್ಮ ಅಂಗಿಗೆ ಉಜ್ಜಿ ಉಜ್ಜಿ ಒರೆಸತೊಡಗಿದರು. ಥೆರಪಿಯವಳು "ಬೇಜಾರು ಮಾಡ್ಕೋಬೇಡಿ ಅಮ್ಮ, ಕಾಯಿಲೆ ಹೀಗೆ ಮಾಡಿಸುತ್ತೆ" ಎಂದಳು. ಕಾಯಿಲೆ ಬರುವ ಮೊದಲು ಯಾರು ಮಾಡಿಸುತ್ತಿದ್ದರು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಸೂಪು ಆರಿತ್ತು, ಪುಣ್ಯ. ಅವಮಾನವಾಯಿತು. ಕೂದಲಿನಿಂದ ಕ್ಯಾರೆಟ್ ಚೂರು ತೆಗೆಯುತ್ತ ಬಚ್ಚಲಲ್ಲಿ ನಿಂತು ಅತ್ತೆ.

ಮಾರ್ಚ್ ೨, ಭಾನುವಾರ

ಯಜಮಾನಿ ಫೋನ್ ಮಾಡಿದ್ದಳು. ಎಷ್ಟು ದಿನ ಅಂತ ಕಾಯೋದು, ಬೇರೆಯವಳನ್ನ ಇಟ್ಕೊಂಡೆ, ತಪ್ಪು ತಿಳೀಬೇಡಿ ಎಂದಳು. ತಪ್ಪೇನು ಬಂತು. ಹೂವು ಕಾಯುವುದಿಲ್ಲ.

ಮಾರ್ಚ್ ೧೨, ಬುಧವಾರ

ಒಂದು ಉಪಾಯ ಹೊಳೆದಿದೆ. ವಾರದಿಂದ ಇವರು ಸೂಪಿಗೆ ಬಾಯಿ ತೆರೆಯುತ್ತಿರಲಿಲ್ಲ, ಕಾಲು ಎತ್ತು ಎಂದರೆ ಗೋಡೆಗೆ ಮುಖ. ಆಚೆಮೊನ್ನೆ ಮಾದರಿ ಪೊಟ್ಟಣದಿಂದ ಒಂದು ಗರಿಗರಿ ಕವರು ತೆಗೆದು ಕಣ್ಣೆದುರು ಹಿಡಿದೆ.

"ಬಟ್ಟಲು ಖಾಲಿ ಮಾಡಿದ್ರೆ ಒಂದು ರೆಕಾರ್ಡಿಗೆ ಇದನ್ನ ಹಾಕ್ತೀನಿ. ಇಲ್ಲಾಂದ್ರೆ ಇವತ್ತಿಗಿಲ್ಲ."

ಗುಟುಕು ಗುಟುಕಾಗಿ ಎಲ್ಲ ಕುಡಿದರು. ಮರುದಿನ ಕಾಲೂ ಎತ್ತಿದರು. ನಿನ್ನೆ ಎತ್ತಲಿಲ್ಲ, ಅದಕ್ಕೇ ಹಾಕಿದ್ದ ಕವರನ್ನು ಇವರೆದುರೇ ಬಿಚ್ಚಿ ಮಡಚಿಟ್ಟೆ. ಇವತ್ತು ಬೆಳಗ್ಗೆ ಹೇಳುವ ಮೊದಲೇ ಕಾಲು ಮೇಲಿತ್ತು! ಥೆರಪಿಯವಳು ದಂಗು.

"ಏನು ಮಂತ್ರ ಹಾಕಿದ್ರಿ ಅಮ್ಮ?"

"ಪ್ರೀತಿ" ಎಂದೆ.

ಅವಳು ನನ್ನ ಹೆಗಲು ತಟ್ಟಿ ಹೋದಳು. ಎಲ್ಲ ಮನೆಯಲ್ಲೂ ನಿಮ್ಮಂಥವರಿರಲಿ ಎಂದಳು. ಅಷ್ಟು ಒಳ್ಳೆಯ ಮಾತನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಬರಬಹುದು.

ಮಾರ್ಚ್ ೨೮, ಶುಕ್ರವಾರ

ಮಾದರಿ ಕವರು ಮುಗಿದು ಭಾಷಣನ ಅಂಗಡಿಗೆ ಹೋದೆ. ಗರಿಗರಿಯದನ್ನು ತರಲೆಂದೇ ಹೋದದ್ದು, ಆಣೆಗೂ. ಅವನು ಬೇರೊಬ್ಬ ಗಿರಾಕಿಯ ತಲೆ ತಿನ್ನುತ್ತಿದ್ದ. ಕಾಯುತ್ತ ಕಟ್ಟುಗಳ ಮೇಲೆ ಕೈಯಾಡಿಸಿದೆ. ಗರಿಗರಿಯದರ ಅಂಚು ಬೆರಳಿಗೆ ಗೀರಿತು. ಹೊಳೆಯುವುದು ಮೆತ್ತಗೆ, ತಣ್ಣಗೆ, ನನ್ನ ಅಂಗೈಗೆ ಅಂಟಿಕೊಂಡು ಮೆಲ್ಲಗೆ ಬಿಟ್ಟಿತು. ನನ್ನ ಕೈ ಮುಟ್ಟಿ ಮುಖ ಸಿಂಡರಿಸದ ವಸ್ತು ಆ ಅಂಗಡಿಯಲ್ಲಿ ಅದೊಂದೇ ಎನಿಸಿತು.

"ಇದೇ ಇರಲಿ, ಎಲ್ಲಕ್ಕೂ ಆಗೋಷ್ಟು" ಎಂದೆ.

"ಅಮ್ಮ, ಅದು ಬೆವರೋದು. ಹೇಳಿದ್ನಲ್ಲ!"

"ಇವರಿಗೆ ಅದೇ ಬೇಕಂತೆ."

"ಅವರಿಗಾ? ಆ ಮನುಷ್ಯನಿಗಾ?"

"ಕಾಯಿಲೆ ಬಿದ್ಮೇಲೆ ರುಚಿ ಬದಲಾಗುತ್ತೆ."

ಭಾಷಣ ಲೊಚಗುಟ್ಟಿದ. ಪಾಪ ಎಂದಷ್ಟೇ ಹೇಳಿ ಕಟ್ಟಿಕೊಟ್ಟ.

ಕಾಯಿಲೆಯವರಿರುವ ಕೋಣೆ ಲಕಲಕ ಎನ್ನಬೇಕು. ಮಬ್ಬು, ಗರಿಗರಿ ಎಂದು ತಲೆ ಕೆಡಿಸಿಕೊಳ್ಳಲು ನನಗೇನು ಬೇರೆ ಕೆಲಸವಿಲ್ಲವೆ? ಬೆವರಿದರೆ ಬೆವರಲಿ. ನನ್ನ ಕೈ ಇಷ್ಟು ವರ್ಷ ಬೆವರಿದೆ, ಯಾರೂ ಸತ್ತಿಲ್ಲ.

ಏಪ್ರಿಲ್ ೬, ಭಾನುವಾರ

ದಿನಾ ತಿಂಡಿಯಾದ ಮೇಲೆ ಕೂತು ಕವರು ತೊಡಿಸುತ್ತೇನೆ. ಮಂಚದ ಪಕ್ಕಕ್ಕೇ ಕುರ್ಚಿ ಹಾಕಿಕೊಳ್ಳುತ್ತೇನೆ, ಇವರಿಗೂ ಕಾಣಲಿ ಎಂದು. ಕೈಗವಸು ಬಿಟ್ಟಿದ್ದೇನೆ, ಸುಮ್ಮನೆ ಬಿಗಿಯುತ್ತದೆ. ಇವರ ನಿಯಮ ಮಾತ್ರ ಒಂದಿಷ್ಟೂ ತಪ್ಪಿಸಿಲ್ಲ: ರೆಕಾರ್ಡು ರಟ್ಟಿನ ಹೊರಗೆ, ಬೆನ್ನಿಗೆ, ತೆಳು ಕಾಗದದ ಚೀಲದಲ್ಲಿ, ಪ್ಲಾಸ್ಟಿಕ್ಕಿಗೆ ತಾಗಿಕೊಂಡು.

ಮೊದಲ ದಿನ ಕಟ್ಟು ಬಿಚ್ಚಿದಾಗ ಇವರಿಗೆ ವಾಸನೆಯಲ್ಲೇ ಗೊತ್ತಾಯಿತು. ಹೊಸ ಮಳೆಕೋಟಿನ ವಾಸನೆ. ಅದಲ್ಲ, ಅದಲ್ಲ, ಅದಲ್ಲ ಎಂದು ಶುರು. ಎಡಗೈಯಿಂದ ಮಂಚದ ಸರಳು ಬಡಿದದ್ದೇ ಬಡಿದದ್ದು. ಅದಲ್ಲ ಅಂದರೆ ಬೇಡ ಅಂತ ಅರ್ಥವಲ್ಲ ಎಂದು ಓದಿಕೊಂಡವಳೇ ಹೇಳಿದ್ದಾಳೆ. ಕಣ್ಣು ನೋಡಿ, ಕೈ ನೋಡಿ ಎಂದೂ ಹೇಳಿದ್ದಳು, ನಿಜ. ಎರಡೂ ಕೈಗೆ ಕೆಲಸವಿರುವಾಗ ಎಲ್ಲೆಲ್ಲಿ ಅಂತ ನೋಡುವುದು?

"ಇಷ್ಟ ಆಯ್ತಾ?" ಎಂದು ಕೇಳಿದೆ. "ಅದಲ್ಲ" ಎಂದರು. "ಹಾಗಾದ್ರೆ ಎಲ್ಲಕ್ಕೂ ಇದೇ ಹಾಕ್ತೀನಿ" ಎಂದೆ.

ಬಡಿದು ಬಡಿದು ಸುಸ್ತಾಗಿ ಮಲಗಿದರು. ನಾನು ಹಾಡು ಗುನುಗುತ್ತ ಮುಂದುವರಿಸಿದೆ. ಈ ಕೋಣೆಯಲ್ಲಿ ನಾನು ಗುನುಗಿದ್ದು ಇದೇ ಮೊದಲಿರಬೇಕು.

ಏಪ್ರಿಲ್ ೧೯, ಶನಿವಾರ

ಕೆಲಸ ಮುಗಿಯಿತು. ರೆಕಾರ್ಡಿನ ಕಪಾಟು ಹೊಳೆಯುತ್ತಿದೆ.

ಬಿಸಿಲು ಜೋರಾಗಿದೆ. ಮಂಚ ಕಿಟಕಿಯ ಪಕ್ಕದಲ್ಲಿತ್ತು, ಮಧ್ಯಾಹ್ನದಿಂದ ಸಂಜೆಯವರೆಗೆ ಇವರ ಮೈಮೇಲೇ ಬಿಸಿಲು. ಪಕ್ಕದ ಮನೆಯ ಇಬ್ಬರನ್ನು ಕರೆದು ಮಂಚವನ್ನು ನೆರಳಿಗೆ ಎಳೆಸಿ, ಆ ಜಾಗಕ್ಕೆ ಕಪಾಟು ಸರಿಸಿದೆ. ರೋಗಿಗೆ ತಂಪು ಮುಖ್ಯ ತಾನೆ? ಎಳೆದವರು "ಯಜಮಾನ್ರನ್ನ ಹೂವಿನ ಥರ ನೋಡ್ಕೋತೀರ" ಎಂದರು. ಮಂಚದಲ್ಲಿದ್ದ ಇವನು ಪರದೆ ಎಳೆ ಎನ್ನುವಂತೆ ಕಿಟಕಿಯತ್ತ ಕೈ ಚಾಚುತ್ತಿದ್ದ. ಬೆಳಕಿರಲಿ ಎಂದೆ.

ಮೇ ೧೧, ಭಾನುವಾರ

ಸೆಕೆ ಎಂದರೆ ಸೆಕೆ. ಕೋಣೆಯ ಬಾಗಿಲು ತೆರೆದರೆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯುತ್ತದೆ. ನನಗೆ ರೂಢಿಯಾಗಿದೆ. ಇವನು ಮುಖ ತಿರುಗಿಸಿ ಮಲಗುತ್ತಾನೆ. ತಿರುಗಿಸಿ ಮಲಗಿದರೆ ಸೂಪು ಕುಡಿಸುವುದು ಹೇಗೆ? ದಿಂಬು ಕಟ್ಟಿ ಕಪಾಟಿನ ಕಡೆಗೇ ಮುಖ ಇರುವಂತೆ ಮಾಡಿದ್ದೇನೆ.

ಹೂವಿನಂಗಡಿಯ ಯಜಮಾನಿ ಫೋನ್ ಮಾಡಿದ್ದಳು. ಹೊಸಬಳು ಕೈಕೊಟ್ಟು ಹೋದಳಂತೆ. "ಬೆಳಗಿನ ಹೊತ್ತಾದ್ರೂ ಬನ್ನಿ, ಮನೇಲಿ ನೋಡ್ಕೊಳ್ಳೋಕೆ ಯಾರನ್ನಾದ್ರೂ ನಾನೇ ಹುಡುಕಿಕೊಡ್ತೀನಿ" ಎಂದು ಗೋಗರೆದಳು. ನನಗೆಲ್ಲಿ ಪುರುಸೊತ್ತು ಎಂದು ಫೋನ್ ಇಟ್ಟೆ. ಇವನನ್ನು ಬೇರೆಯವರ ಕೈಗೆ ಬಿಡುವುದು ನನಗೆ ಸರಿಬರುವುದಿಲ್ಲ.

ಒಂದು ವಿಚಿತ್ರ. ಪಾತ್ರೆ ಒರೆಸುವಾಗ ಗಮನಿಸಿದೆ, ನನ್ನ ಅಂಗೈ ಒಣಗಿದೆ. ಇಂಥ ಸೆಕೆಯಲ್ಲಿ! ವಯಸ್ಸಿಗೆ ಹಾಗಾಗುತ್ತದೋ ಏನೋ.

ಜೂನ್ ೩, ಮಂಗಳವಾರ

ಥೆರಪಿಯವಳು ವಾರಕ್ಕೊಂದೇ ಸಲ ಬರುತ್ತಾಳೆ ಈಗ. ಚಿಕ್ಕ ಚಿಕ್ಕ ವಾಕ್ಯ ಹೇಳಿಸಿ, ದಿನಾ ಒಂದೇ ವಾಕ್ಯ, ಅವರಿಗೆ ಬೇಕಾದ ವಾಕ್ಯ ಆರಿಸಿಕೊಳ್ಳಿ, ಹಾಡಿನಂತೆ ರಾಗವಾಗಿ ಹೇಳಿಸಿದರೆ ಬೇಗ ಬರುತ್ತದೆ ಎಂದು ಹೇಳಿಕೊಟ್ಟಳು. ನೀರು ಬೇಕು, ನೋವಾಗುತ್ತೆ, ಅಂಥವು.

ನೀರು ಬೇಕಾದ್ದು ನನಗೆ ಹೇಳದೆಯೂ ಗೊತ್ತಾಗುತ್ತದೆ. ಯೋಚಿಸಿ ಬೇರೆ ವಾಕ್ಯ ಆರಿಸಿದೆ: ನಾನೇ ಆರಿಸಿದ್ದು. ಮಗಳು ಜುಲೈಯಲ್ಲಿ ಬರುತ್ತಾಳೆ. ಕವರು ನೋಡಿ ಕೇಳಿಯೇ ಕೇಳುತ್ತಾಳೆ, ಆಗ ಅಪ್ಪನೇ ಉತ್ತರ ಕೊಟ್ಟರೆ ಅವಳಿಗೂ ಸಂತೋಷ.

"ಹೇಳು. ನಾ-ನೇ ಆ-ರಿ-ಸಿ-ದ್ದು."

"ಅದಲ್ಲ."

"ಹೇಳಿದ್ರೆ ಒಂದು ರೆಕಾರ್ಡು ಹಾಕ್ತೀನಿ. ಫೆಬ್ರವರಿಯಿಂದ ಒಂದು ಹಾಡೂ ಕೇಳಿಲ್ಲ ನೀನು, ಪಾಪ."

ಇವನು ನನ್ನನ್ನೇ ನೋಡಿದ. ಆಮೇಲೆ ಕಪಾಟನ್ನು ನೋಡಿದ. ಕಣ್ಣು ಮುಚ್ಚಿಕೊಂಡ.

ಜೂನ್ ೨೦, ಶುಕ್ರವಾರ

ಬಂತು! ನಾನೇ ಎಂಬಷ್ಟು ಮೊದಲು, ಇವತ್ತು ಪೂರ್ತಿ. ತೊದಲು ಇದೆ, ಆದರೆ ಯಾರಿಗಾದರೂ ಅರ್ಥವಾಗುವಂತಿದೆ. ಮಾತಿಗೆ ತಪ್ಪುವವಳಲ್ಲ ನಾನು. ಒಂದು ರೆಕಾರ್ಡು ತೆಗೆದೆ. ಕವರು ರಟ್ಟಿಗೆ ಅಲ್ಲಲ್ಲಿ ಹಿಡಿದುಕೊಂಡಿತ್ತು, ಬಿಡಿಸುವಾಗ ಚರ್ರೆಂದಿತು. ರೆಕಾರ್ಡಿನ ಮೇಲೆ ಉಸಿರು ಬಿಟ್ಟ ಕನ್ನಡಿಯ ಹಾಗೆ ಬಿಳುಪು. ಮುಳ್ಳು ಇಟ್ಟೆ. ಎಣ್ಣೆಯಲ್ಲಿ ಏನೋ ಕರಿಯುವ ಸದ್ದು, ಅದರ ಹಿಂದೆ ಎಲ್ಲೋ ಒಬ್ಬಳು ಹಾಡುತ್ತಿದ್ದಳು.

ಇವನು ದಿಂಬಿಗೆ ಮುಖ ಒತ್ತಿ ಅತ್ತ. ಸಂತೋಷಕ್ಕೂ ಅಳು ಬರುತ್ತದೆ. ಅರ್ಧದಲ್ಲಿ ನಿಲ್ಲಿಸಿ "ಮತ್ತೆ ಹೇಳು" ಎಂದೆ. ಥಟ್ಟನೆ ಹೇಳಿದ. ನಿಲ್ಲಿಸಲಿ ಎಂದೋ, ಮುಂದುವರಿಸಲಿ ಎಂದೋ ತಿಳಿಯಲಿಲ್ಲ, ಪೂರ್ತಿ ಹಾಕಿದೆ.

ಜುಲೈ ೧೩, ಭಾನುವಾರ

ಮಗಳು ನಿನ್ನೆ ಸಂಜೆ ಬಂದಳು. ಬಂದವಳೇ ಮೂಗು ಮುಚ್ಚಿಕೊಂಡು "ಏನಮ್ಮ ಇದು, ಚಪ್ಪಲಿ ಅಂಗಡಿ ವಾಸನೆ!" ಎಂದಳು. ಬೆಳಗ್ಗೆ ಕಪಾಟಿನಿಂದ ತಾನು ಹಿಡಿಯಲು ಕಲಿತ ಮೊದಲ ರೆಕಾರ್ಡು ಎಳೆದಳು. ಕವರು ಬಿಡಿಸಿದರೆ ರಟ್ಟಿನ ಮೇಲಿನ ಗಾಯಕಿಯ ಅರ್ಧ ಮುಖ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಎಲ್ಲದರ ಮೇಲೂ ಪೊರೆ. ನೆಲದ ಮೇಲೆ ಕುಸಿದು ಕೂತಳು.

"ಎಲ್ಲ ಹೋಯ್ತಲ್ಲಮ್ಮ. ಯಾರು ತಂದಿದ್ದು ಈ ಕವರು?"

ನಾನು ಇವನ ಕಡೆ ನೋಡಿದೆ, ಅಷ್ಟೆ.

"ನಾನೇ ಆರಿಸಿದ್ದು" ಎಂದ. ತೊದಲೇ ಇಲ್ಲದೆ. ಹೇಳಿ, ಸರಿಯಾಯಿತೆ ಎಂದು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ಮಗಳಿಗೆ ರೆಕಾರ್ಡು ಮರೆತೇ ಹೋಯಿತು. "ಅಪ್ಪಂಗೆ ಮಾತು ಬಂತು! ಅಮ್ಮ, ಅಪ್ಪಂಗೆ ಮಾತು ಬಂತು!" ಎಂದು ತಬ್ಬಿಕೊಂಡು ಅತ್ತಳು. ಕವರು ಹಾಳಾಗಲಿ, ಅಪ್ಪ ತಪ್ಪು ಮಾಡೋ ಮಟ್ಟಕ್ಕಾದ್ರೂ ಹುಷಾರಾದ್ರಲ್ಲ ಎಂದು ನಕ್ಕಳು. ನನ್ನ ಕೈ ಹಿಡಿದು ನೀನು ದೊಡ್ಡವಳಮ್ಮ ಎಂದಳು.

ಊಟದ ಹೊತ್ತಿಗೆ ಅವಳ ಯೋಜನೆ ಹೊರಬಂತು. ಅವಳೂರಿನಲ್ಲಿ ಮಾತು ಕಲಿಸುವ ದೊಡ್ಡ ಆಸ್ಪತ್ರೆಯಿದೆಯಂತೆ. "ಇಷ್ಟು ಸುಧಾರಿಸಿದ್ದಾರೆ, ಇನ್ನು ಬಿಡಬಾರದು. ಅಪ್ಪ ನನ್ನ ಹತ್ರ ಇರಲಿ. ನೀನು ಹೂವಿನಂಗಡಿಗೆ ಹೋಗು, ನಿನ್ನ ಮುಖ ನೋಡ್ಕೊಂಡಿದೀಯಾ?" ಎಂದವಳೇ ಇವನ ಮುಂದೆ ಮೊಣಕಾಲೂರಿ ಕೂತಳು. "ಅಪ್ಪ, ನನ್ನ ಜೊತೆ ಬರ್ತೀರಾ?"

ಇವನ ಎಡಗೈ ಅವಳ ಮಣಿಕಟ್ಟು ಹಿಡಿಯಿತು. ಬಾಯಿ ಸೊಟ್ಟಗಾಯಿತು. ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ಬಹಳ ಹೊತ್ತು ಒದ್ದಾಡಿದ.

"ಅದಲ್ಲ."

"ಬರಲ್ವಾ?"

"ಅದಲ್ಲ. ಅದಲ್ಲ! ಅದಲ್ಲ!" ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ಬಿಡುತ್ತಿರಲಿಲ್ಲ.

"ಆಯ್ತು ಅಪ್ಪ, ಆಯ್ತು, ಬಲವಂತ ಇಲ್ಲ" ಎಂದು ಮಗಳು ಒಂದೊಂದೇ ಬೆರಳು ಬಿಡಿಸಿದಳು. ಮುಖ ಬಾಡಿತ್ತು. ನನ್ನ ಕಡೆ ತಿರುಗಿದಳು. "ಈ ಕೋಣೆ ಬಿಟ್ಟು ನಿಮ್ಮಪ್ಪ ಎಲ್ಲಿಗೆ ಬರ್ತಾರೆ, ಹೇಳು" ಎಂದೆ.

ನಾನು ಅಡ್ಡ ಬರಲಿಲ್ಲ. ಅವಳೇ ಕೇಳಿದಳು, ಇವನೇ ಹೇಳಿದ. ಥೆರಪಿಯವಳು ಏನೋ ಹೇಳಿದ್ದು ನೆನಪಾಯಿತು, ಆದರೆ ಅದು ಫೆಬ್ರವರಿಯ ಮಾತು. ಮನುಷ್ಯ ಸುಧಾರಿಸುತ್ತಾನೆ.

ಮಗಳು ಮಣಿಕಟ್ಟು ಒರೆಸಿಕೊಳ್ಳುತ್ತ "ಅಪ್ಪನ ಕೈ ಯಾಕಮ್ಮ ಇಷ್ಟು ಒದ್ದೆ?" ಎಂದು ಕೇಳಿದಳು. ಸೆಕೆ ಎಂದೆ. ಹೊರಗೆ ಮೋಡ ಕವಿದು ತಣ್ಣಗೆ ಗಾಳಿ ಬೀಸುತ್ತಿತ್ತು.

ಜುಲೈ ೧೪, ಸೋಮವಾರ

ಮಗಳು ಬೆಳಗ್ಗೆ ಹೊರಟಳು. ಗಾಡಿ ತಿರುವು ದಾಟುವವರೆಗೆ ಕೈ ಬೀಸಿ, ಬಾಗಿಲು ಹಾಕಿ ಒಳಗೆ ಬಂದೆ.

ಇವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೋಗಿದ್ದೆ. ಎಡಗಾಲಿನಿಂದ ನೆಲ ಒದ್ದು ಒದ್ದು ಕಪಾಟಿನವರೆಗೆ ಹೋಗಿದ್ದ. ಮಗಳು ಅರ್ಧ ಎಳೆದು ಬಿಟ್ಟಿದ್ದ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಕವರು ಕಳಚಲು ನೋಡುತ್ತಿದ್ದ. ಕೈ ಬೆವರಿ ಜಾರುತ್ತಿತ್ತು. ಹೊಳೆಯುವ ಪ್ಲಾಸ್ಟಿಕ್ಕಿನ ತುಂಬ ಬೆರಳ ಗುರುತು.

ನಾನು ಅದನ್ನು ಮೆಲ್ಲಗೆ ತೆಗೆದುಕೊಂಡೆ. ಮೃದುವಾದ ಬಟ್ಟೆ ತಂದು ಅವನೆದುರು ನಿಂತು ಒರೆಸಿದೆ, ಕಲೆಯೆಲ್ಲ ಹೋಗುವವರೆಗೆ.

"ಒದ್ದೆಗೈ" ಎಂದೆ, "ಮುಟ್ಟಬಾರದು."

ಕೈಯನ್ನು ತೊಡೆಯ ಮೇಲಿನ ಹೊದಿಕೆಯೊಳಗೆ ಎಳೆದುಕೊಂಡ. ನಾನು ರೆಕಾರ್ಡನ್ನು ಅದರ ಜಾಗಕ್ಕೆ, ಬಿಸಿಲು ಬೀಳುವ ಕಡೆಗೆ, ನೆಟ್ಟಗೆ ನಿಲ್ಲಿಸುವವರೆಗೂ ನೋಡುತ್ತಿದ್ದ. ಆಮೇಲೆ ಸಣ್ಣ ದನಿಯಲ್ಲಿ "ನಾನೇ ಆರಿಸಿದ್ದು" ಎಂದ. ಯಾರೂ ಕೇಳಿರಲಿಲ್ಲ.

ಜಾಣ. ರಾತ್ರಿ ಅವನ ಸೂಪಿಗೆ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿದೆ.